ನಾಯಿಗಳಿಲ್ಲದ ದ್ವೀಪ

ಎಣ್ಣೆ ಅಂಗಡಿಯವನು ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸಿ, "ಬನ್ನಿ ಸಾಹೇಬರೇ, ಇಲ್ಲಿ ಕೂತ್ಕೊಳ್ಳಿ, ಫ್ಯಾನ್ ಕೆಳಗೆ" ಎಂದಾಗ ಬೇರೆ ಯಾರನ್ನೋ ಕರೆಯುತ್ತಿರಬೇಕೆಂದು ಅವನು ಒಮ್ಮೆ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾಗಿ ಆರು ವರ್ಷ ಕಳೆದಿದ್ದರೂ ಮಾರ್ಕೆಟ್ಟಿನವರು ಅವನನ್ನು ಕಂಡರೆ ಇನ್ನೂ ಕುರ್ಚಿ ಒರೆಸುತ್ತಿದ್ದರು. ಬೇರೆ ಇಲಾಖೆಗಳಿಂದ ನಿವೃತ್ತರಾದ ಅವನ ಗೆಳೆಯರಿಗೆ ಈ ಭಾಗ್ಯವಿರಲಿಲ್ಲ. ಅವರನ್ನು ಕಂಡರೆ ಜನ ಸುಮ್ಮನೆ ದಾರಿ ಬಿಡುತ್ತಿದ್ದರು, ಕೆಲವರು ಅದನ್ನೂ ಬಿಡುತ್ತಿರಲಿಲ್ಲ. ಆದರೂ ಇವತ್ತು ಬೆಳಗಿನಿಂದ ಏನೋ ಸರಿಯಿರಲಿಲ್ಲ. ವರ್ತಕರ ಸಂಘದ ಮೇಲ್ಮಹಡಿಯ ಈ ಹಾಲಿನಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುವ ಡ್ರಾಯಿಂಗ್ ಮೇಷ್ಟ್ರು ನಿನ್ನೆ ಮನೆಗೇ ಬಂದು, "ನೀವು ಬರಲೇಬೇಕು ಸಾರ್. ಹಳೇ ಬ್ರಿಟಿಷ್ ಸಿನಿಮಾ, ತಮಾಷೆಯದು. ಒಂದು ಪುಟ್ಟ ದ್ವೀಪದ ಜನರ ಕಥೆ. ನಿಮಗೆ ಹಿಡಿಸತ್ತೆ" ಎಂದಿದ್ದರು. 'ನಿಮಗೆ' ಎಂಬಲ್ಲಿ ಮೇಷ್ಟ್ರು ತುಸು ಹೆಚ್ಚು ಒತ್ತಿದರೇ? ಮೂವತ್ತು ವರ್ಷ ಗ್ರಾಮಿನ ವ್ಯತ್ಯಾಸ ಹಿಡಿದವನಿಗೆ ಅದು ತಿಳಿಯದೆ ಹೋಗುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ್ದ, "ಮೇಷ್ಟ್ರು ಯಾಕೆ ಹಾಗಂದ್ರು?" ಅವಳು, "ಹೇಗಂದ್ರು?" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಮಧ್ಯಾಹ್ನವನ್ನು ಹೊರಗಿಟ್ಟಿದ್ದರು. ಆದರೂ ಒಂದು ಮೂಲೆಯಿಂದ ಬಿಸಿಲು ಬಂದು ಪರದೆಯ ಮೇಲಿನ ಸಮುದ್ರದಲ್ಲಿ ಬಿದ್ದಿತ್ತು. ಕಪ್ಪು-ಬಿಳುಪು ಚಿತ್ರ. ಕೆಳಗೆ ಅಕ್ಷರ ಮೂಡುತ್ತಿತ್ತು. ಓದಲಾರದವರಿಗೆ ಓದುವವರು ಗಟ್ಟಿಯಾಗಿ ಓದಿ ಹೇಳುತ್ತಿದ್ದುದರಿಂದ ಪ್ರತಿ ಮಾತೂ ಎರಡು ಸಲ, ಕೆಲವು ಸಲ ಮೂರು ಸಲ ಕೇಳಿಸುತ್ತಿತ್ತು. ದ್ವೀಪದಲ್ಲಿ ನಲವತ್ತು ಮನೆ, ಒಂದೇ ಬೀದಿ, ಒಂದು ಪ್ರಾರ್ಥನೆಯ ಮನೆ. ನಾಯಿಗೆ ಲೈಸೆನ್ಸ್ ತೆಗೆಯಬೇಕೆಂದು ಸರ್ಕಾರದ ಕಾನೂನು. ದಾಖಲೆಯಲ್ಲಿ ಮಾತ್ರ ದ್ವೀಪದಲ್ಲಿ ಒಂದೂ ನಾಯಿಯಿಲ್ಲ. ಹಾಗಿದ್ದರೆ ಸಂಜೆ ಕುರಿಗಳು ಅಷ್ಟು ಸಾಲಾಗಿ ಮನೆಗೆ ಬರುವುದು ಹೇಗೆ ಎಂಬ ಪ್ರಶ್ನೆ ದೊಡ್ಡ ಕಚೇರಿಯಲ್ಲಿ ಯಾರಿಗೋ ಹೊಳೆದು, ಒಬ್ಬ ಅಧಿಕಾರಿಯನ್ನು ದೋಣಿಯಲ್ಲಿ ಕಳಿಸುತ್ತಾರೆ. ಅಧಿಕಾರಿಗೆ ಸೈಕಲ್ಲು, ತೆಳ್ಳನೆ ಮೀಸೆ, ಕಂಕುಳಲ್ಲಿ ಕಾಯಿದೆ ಪುಸ್ತಕ. ಅವನು ಸೈಕಲ್ಲಿನಿಂದ ಇಳಿದು ಪ್ಯಾಂಟಿನ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡಾಗಲೇ ಹಾಲು ನಕ್ಕಿತು. ಅದರಲ್ಲಿ ನಗುವಂಥದ್ದೇನಿದೆ? ಕ್ಲಿಪ್ಪು ಕಳೆದುಹೋಗುವ ವಸ್ತು, ಜೇಬಿಗೆ ಹಾಕಿಕೊಳ್ಳುವುದೇ ಸರಿ. ಅಧಿಕಾರಿ ತುಂಬ ಅಚ್ಚುಕಟ್ಟಿನ ಮನುಷ್ಯ ಎಂದು ಅವನಿಗೆ ಅನ್ನಿಸಿತು. ಪ್ರತಿ ಬಾಗಿಲಿಗೂ ಹೋಗಿ ಟೋಪಿ ತೆಗೆದು, "ನಿಮ್ಮಲ್ಲಿ ನಾಯಿ ಇದೆಯೇ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಬರೆದುಕೊಳ್ಳುತ್ತಿದ್ದ. ಇಲ್ಲ ಎನ್ನುವ ಮುದುಕಿಯ ಹಿಂದೆ ತೊಟ್ಟಿಲು ಬೊಗಳುತ್ತಿತ್ತು. ಮುದುಕಿ ಕೆಮ್ಮುತ್ತಿದ್ದಳು.

ಅವನೂ ನಕ್ಕ. ಅದು ಅವನಿಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಸಿನಿಮಾ ನೋಡುವಾಗ ಅವನು ನಕ್ಕಿದ್ದು ಅದೊಂದೇ ಸಲ. ಪ್ರಾರ್ಥನೆಯ ಹೊತ್ತಿಗೆ ಪಾದ್ರಿಯ ಕಾಲ ಬಳಿ ಏನೋ ಕುಂಯ್‌ಗುಟ್ಟುತ್ತದೆ, ಊರಿನವರೆಲ್ಲ ಒಮ್ಮೆಲೇ ದನಿ ಏರಿಸಿ ಹಾಡುತ್ತಾರೆ, ಅಧಿಕಾರಿ ಅವರ ಭಕ್ತಿಗೆ ಮೆಚ್ಚಿ ಕಣ್ಣೊರೆಸಿಕೊಳ್ಳುತ್ತಾನೆ. ಪಕ್ಕದಲ್ಲಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಕುಲುಕುತ್ತಿದ್ದಳು. ಇಷ್ಟು ನಗುವವಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ, ಅಧಿಕಾರಿ ಇಳಿದುಕೊಂಡಿದ್ದ ಮನೆಯ ವಿಧವೆ ಬಂದಳು. ನಾಳೆ ತಪಾಸಣೆಗೆ ಹೋಗಬೇಕು, ಬೂಟಿಗೆ ಪಾಲಿಶ್ ಆಗಲಿ ಎಂದು ಅಧಿಕಾರಿ ಅವಳಿಗೆ ಹೇಳಿದ. ಆಯಿತು ಎಂದು ವಿಧವೆ ಮಹಡಿ ಹತ್ತಿ, ಕಿಟಕಿ ತೆರೆದು, ಮೇಜಿನ ಬಟ್ಟೆಯನ್ನು ಹೊರಗೆ ಎರಡು ಸಲ ಕೊಡವಿದಳು. ಅಷ್ಟೆ. ಬೀದಿಯುದ್ದಕ್ಕೂ ನಾಯಿಗಳು ಮಾಯವಾಗತೊಡಗಿದವು: ಹಿಟ್ಟಿನ ಪೀಪಾಯಿಯೊಳಗೆ, ಗಡಿಯಾರದ ಪೆಟ್ಟಿಗೆಯೊಳಗೆ, ಹಾಸಿಗೆ ಹಿಡಿದ ಅಜ್ಜನ ಮಗ್ಗುಲಲ್ಲಿ ಟೋಪಿ ಹಾಕಿಕೊಂಡು. ಹಾಲಿನಲ್ಲಿ ನಗು ಎದ್ದಿತು. ಆದರೆ ಅದು ಮುಂಚಿನ ನಗುವಲ್ಲ ಎಂದು ಅವನ ಕಿವಿ ಹೇಳಿತು. ಚಿಕ್ಕಂದಿನಲ್ಲಿ ಅಜ್ಜನ ಕಾವ್ಯವಾಚನ ಕೇಳುತ್ತ ಬೆಳೆದ ಕಿವಿ ಅದು. ಓದುವವನು ಒಂದು ಸಾಲಿನಲ್ಲಿ ಉಸಿರು ತಪ್ಪಿದರೂ ಗೊತ್ತಾಗುತ್ತಿತ್ತು. ಈ ನಗು ಪರದೆಯ ಕಡೆಯಿಂದ ಹೊರಟು, ಅವನ ಕುರ್ಚಿಯ ತನಕ ಬಂದು, ಅಲ್ಲಿ ತುಸು ನಿಂತು, ಮುಂದೆ ಹೋಯಿತು. ಮುಂದಿನ ಸಾಲಿನ ಎಣ್ಣೆ ಅಂಗಡಿಯವನು ಅರ್ಧ ತಿರುಗಿ, ಅವನ ಮುಖ ನೋಡಿ, ಪರದೆಯ ಕಡೆಗೆ ಮತ್ತೆ ತಿರುಗಿಕೊಂಡ. ಅವನ ಹೆಗಲು ಅಲುಗುತ್ತಿತ್ತು.

ಕೈಗವಸು. ಇಲಾಖೆಯ ಪ್ರಮಾಣಿತ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರು ತಗುಲಿದರೆ ತೂಕ ಕೆಡುತ್ತದೆ; ಮಖಮಲ್ಲಿನ ಪೆಟ್ಟಿಗೆಯಿಂದ ಅವುಗಳನ್ನೆತ್ತಲು ಬಿಳಿ ಹತ್ತಿಯ ಕೈಗವಸು ಬೇಕು, ಅದು ಒಗೆದದ್ದಾಗಿರಬೇಕು. ಬೇರೆ ಇನ್ಸ್‌ಪೆಕ್ಟರುಗಳು ಕೈಗವಸನ್ನು ಡ್ರಾಯರಿನಲ್ಲೇ ಬಿಟ್ಟು ಕರವಸ್ತ್ರದಲ್ಲಿ ಕೆಲಸ ಮುಗಿಸುತ್ತಿದ್ದರು. ಅವನು ಹಾಗಲ್ಲ. ವರ್ಷಕ್ಕೆ ನಾಲ್ಕು ಅನಿರೀಕ್ಷಿತ ತಪಾಸಣೆ, ಇಂಥ ದಿನವೆಂದು ಸ್ವಂತ ಮೇಲಧಿಕಾರಿಗೂ ಹೇಳುತ್ತಿರಲಿಲ್ಲ, ಹಿಂದಿನ ದಿನ ಹೆಂಡತಿಗೆ ಇಷ್ಟೇ ಹೇಳುತ್ತಿದ್ದ, "ಗ್ಲೌಸ್ ಒಗೆದು ಹಾಕು." ಅವಳು ಒಗೆದು ತಾರಸಿಯ ತಂತಿಯ ಮೇಲೆ ಹಾಕುತ್ತಿದ್ದಳು. ತಾರಸಿಯಿಂದ ಮಾರ್ಕೆಟ್ ಬೀದಿ ಈ ತುದಿಯಿಂದ ಆ ತುದಿಗೆ ಕಾಣುತ್ತಿತ್ತು. ಅಂದರೆ ಮಾರ್ಕೆಟ್ ಬೀದಿಯ ಈ ತುದಿಯಿಂದ ಆ ತುದಿಗೆ ತಾರಸಿ ಕಾಣುತ್ತಿತ್ತು. ಈ ಊರಿನಲ್ಲಿ ಕೆಲಸ ಮಾಡಿದ ಹತ್ತೊಂಬತ್ತು ವರ್ಷ, ವರ್ಷಕ್ಕೆ ನಾಲ್ಕು ಸಲ, ಎರಡು ಬಿಳಿ ಕೈಗಳು ಬೀದಿಯ ಮೇಲೆ ಗಾಳಿಗೆ ಬೀಸುತ್ತಿದ್ದವು. ಮಾರನೆಯ ದಿನ ಅವನು ಹೋದರೆ ಎಲ್ಲ ತಕ್ಕಡಿಯ ಮುಳ್ಳೂ ನೆಟ್ಟಗೆ, ಎಲ್ಲ ಬಟ್ಟಿನ ಅಡಿಗೂ ಆ ವರ್ಷದ ಮುದ್ರೆ. ಅವನ ವ್ಯಾಪ್ತಿಯಲ್ಲಿ ಮೋಸವೇ ಇಲ್ಲ ಎಂದು ಇಲಾಖೆ ಪ್ರಶಂಸಾಪತ್ರ ಕೊಟ್ಟಿತ್ತು. ಅದು ಮನೆಯ ನಡುಕೋಣೆಯಲ್ಲಿ, ಗಾಜಿನ ಹಿಂದೆ, ಬಂದವರಿಗೆ ಮೊದಲು ಕಾಣುವ ಕಡೆ ಇತ್ತು. ಬಂದವರು ಅದನ್ನು ಓದಿ ಅವನ ಕಡೆಗೆ ನೋಡುತ್ತಿದ್ದರು. ಹೇಗೆ ನೋಡುತ್ತಿದ್ದರು? ಈಗ ಒಬ್ಬೊಬ್ಬರ ಮುಖವನ್ನೂ ಕರೆದು ಮತ್ತೊಮ್ಮೆ ನೋಡಬೇಕಾಗಿತ್ತು.

ಪರದೆಯ ಮೇಲೆ ಅಧಿಕಾರಿ ಬಾಗಿಲು ಬಾಗಿಲು ತಟ್ಟುತ್ತಲೇ ಇದ್ದ. ಪ್ರತಿ ಮನೆಯವರೂ ಅವನಿಗೆ ಕೂರಲು ಹೇಳುತ್ತಿದ್ದರು. ಹೌದು, ಕೂರಲು. ಅನಿರೀಕ್ಷಿತ ತಪಾಸಣೆಗೆ ಹೋದ ಅಂಗಡಿಯಲ್ಲೆಲ್ಲ ಅವನಿಗಾಗಿ ಒರೆಸಿದ ಕುರ್ಚಿಯೊಂದು ಕಾದಿರುತ್ತಿತ್ತು, ಪಕ್ಕದ ಸ್ಟೂಲಿನ ಮೇಲೆ ಮುಚ್ಚಿದ ಲೋಟದಲ್ಲಿ ನೀರು. ಸಭ್ಯಸ್ಥರು ಎಂದುಕೊಳ್ಳುತ್ತಿದ್ದ. ಯಾರಿಗೋಸ್ಕರ ಮುಚ್ಚಿಟ್ಟ ನೀರು ಎಂದು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅಥವಾ ಕೇಳಿಕೊಂಡು, ಕುಡಿದು, ಲೋಟ ಕೆಳಗಿಟ್ಟಿದ್ದನೋ ಏನೋ. ಅಷ್ಟೂ ವರ್ಷದಲ್ಲಿ ಅವನು ಹಾಕಿದ್ದು ಒಂದೇ ಒಂದು ಕೇಸು, ಮೊಳೆ ಅಂಗಡಿಯವನ ಮೇಲೆ. ಆ ವಾರ ಹೆಂಡತಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಕೈಗವಸನ್ನು ತಾನೇ ಒಗೆದು ಬಚ್ಚಲಿನ ನಲ್ಲಿಯ ಮೇಲೆ ಒಣಗಿಸಿಕೊಂಡಿದ್ದ. ಬೀದಿಯ ಮೊದಲನೆಯ ಅಂಗಡಿ ಅದು. ಕಿಲೋ ಬಟ್ಟು ಮೂವತ್ತು ಗ್ರಾಂ ಕಡಿಮೆ ಬಂತು. ಕಟ್ಟುಮಸ್ತಾದ ಆಳು ಆ ಅಂಗಡಿಯವನು, ಅಂಗೈ ತುಂಬ ತುಕ್ಕು. ಅಂಥವನು ಬಟ್ಟನ್ನೂ ಇವನ ಮುಖವನ್ನೂ ನೋಡಿ ಮೆಲ್ಲಗೆ, "ಸಾರ್, ಇವತ್ತು ನೀವು ಬರ್ತೀರಂತ ಯಾರೂ ಹೇಳಲೇ ಇಲ್ವಲ್ಲ" ಎಂದಿದ್ದ. ಆ ಮಾತನ್ನು ಉದ್ಧಟತನವೆಂದು ತಿಳಿದು ವರದಿಯಲ್ಲಿ ಅಕ್ಷರಕ್ಕೆ ಅಕ್ಷರ ಬರೆದಿದ್ದ. ಪಂಚನಾಮೆ ಮುಗಿಯುವಾಗ ಸಂಜೆಯಾಗಿತ್ತು, ಉಳಿದ ಬೀದಿಗೆ ಹೋಗಲಾಗಲಿಲ್ಲ. ಮೇಲಿನವರು ಆ ಮಾತಿನ ಕೆಳಗೆ ಕೆಂಪು ಗೆರೆ ಎಳೆದು ಪರವಾನಗಿ ರದ್ದು ಮಾಡಿದ್ದರು.

ಮಧ್ಯಂತರದಲ್ಲಿ ದೀಪ ಹಾಕಿದರು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು, ಅವನೊಬ್ಬನನ್ನು ಬಿಟ್ಟು.

"ಹೇಗಿದೆ ಸಾಹೇಬರೇ ಸಿನಿಮಾ?" ಎಂದ ಎಣ್ಣೆ ಅಂಗಡಿಯವನು, ಕುರ್ಚಿಯ ಬೆನ್ನಿಗೆ ಗದ್ದ ಊರಿ.

"ಪರವಾಗಿಲ್ಲ."

"ಪಾಪ, ಆ ಆಫೀಸರ್ ಒಳ್ಳೆ ಮನುಷ್ಯ ಅಲ್ವಾ? ಕೆಟ್ಟವನಾಗಿದ್ರೆ ಅಷ್ಟು ಜನ ಸೇರಿ ಅಷ್ಟೊಂದು ಕಷ್ಟ ಪಡ್ತಿದ್ರಾ? ಒಂದು ಕವರ್ ಕೊಟ್ಟು ಮುಗಿಸ್ತಿದ್ರು." ಇದನ್ನು ಅವನು ನಿಜವಾದ ಪ್ರೀತಿಯಿಂದಲೇ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಬೊಗಳಿದರು. ಯಾರೋ ಅವರಿಗೆ ಗುದ್ದಿದರು. ಡ್ರಾಯಿಂಗ್ ಮೇಷ್ಟ್ರು ಯಂತ್ರದ ಬಳಿ ಬಗ್ಗಿ, ಅಲ್ಲಿ ಇಲ್ಲದ ಏನನ್ನೋ ಹುಡುಕತೊಡಗಿದರು.

ಅವನು ಎದ್ದ. ಹೆಂಡತಿ ಕುಳಿತಲ್ಲೇ ಅವನ ಅಂಗಿಯ ತುದಿ ಹಿಡಿದಳು.

"ಎಲ್ಲಿಗ್ರೀ?"

"ಮನೆಗೆ."

"ಈಗ ಎದ್ದು ಹೋದ್ರೆ ಎಲ್ರೂ ನೋಡ್ತಾರೆ. ಕೂತಿದ್ರೆ ಸಿನಿಮಾ ನೋಡ್ತಾರೆ. ಕೂತ್ಕೊಳ್ಳಿ."

ಕೂತ. ಪರದೆಯ ಕಡೆಗೇ ಮುಖ ಮಾಡಿ ಕೇಳಿದ, "ನಿನಗೆ ಗೊತ್ತಿತ್ತಾ?"

ಏನು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಎರಡನೇ ವರ್ಷದಿಂದ" ಎಂದಳು.

"ಹೇಳಬೇಕು ಅನ್ನಿಸಲಿಲ್ವಾ?"

"ನೀವು ಒಗೆದು ಹಾಕು ಅಂದ್ರಿ, ಒಗೆದು ಹಾಕಿದೆ. ಬೀದಿಯವರ ಕಣ್ಣು ನಾನು ಕಟ್ಟೋಕಾಗತ್ತಾ? ನಿಮಗಿಂತ ಮುಂಚೆ ಇದ್ದ ಇನ್ಸ್‌ಪೆಕ್ಟರ್ ಹೆಂಡ್ತಿ ಜೊತೆ ಮೂರು ವರ್ಷ ಈ ಬೀದೀಲಿ ಒಂದು ಹೆಂಗಸು ಮಾತಾಡಿರಲಿಲ್ಲ. ಆಯಮ್ಮ ಗೋಡೆ ಜೊತೆ ಮಾತಾಡ್ತಿದ್ಲು." ಕೈಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಆಮೇಲೆ, ವರ್ಷಕ್ಕೆ ನಾಲ್ಕು ದಿನವಾದ್ರೂ ತೂಕ ಸರಿ ಇರ್ತಿತ್ತು. ನಾನು ಸಾಮಾನು ಆ ದಿನಗಳಲ್ಲೇ ತಂದುಬಿಡ್ತಿದ್ದೆ."

ಅದೂ ನಿಜ. ತಪಾಸಣೆಯ ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಡಬ್ಬಿಗಳೆಲ್ಲ ತುಂಬಿರುತ್ತಿದ್ದವು. ತನ್ನ ಹೆಂಡತಿಗೆ ಒಳ್ಳೇ ದಿನ ಆರಿಸಿ ಸಾಮಾನು ತರುವ ಕೈಗುಣವಿದೆ ಎಂದು ಅವನು ಅದನ್ನು ಹೆಮ್ಮೆಯಿಂದ ಗೆಳೆಯರಿಗೂ ಹೇಳಿದ್ದ. ದೀಪ ಆರಿತು. ಕತ್ತಲೆಗೆ ಮನಸಾರೆ ಕೃತಜ್ಞನಾದ.

ಉತ್ತರಾರ್ಧದಲ್ಲಿ ಅವನು ಕಾದದ್ದು ಒಂದಕ್ಕೇ: ಅಧಿಕಾರಿಗೆ ಗೊತ್ತಾಗುತ್ತದೆಯೋ ಇಲ್ಲವೋ. ಗೊತ್ತಾಗಬಾರದು ಎಂದು ಬೇಡಿಕೊಂಡ. ಬೆಳಿಗ್ಗೆ ದೇವರ ಮುಂದೆ ಕೂತಾಗ ತನಗಾಗಿಯೂ ಅಷ್ಟು ಬೇಡಿಕೊಂಡಿರಲಿಲ್ಲ. ದ್ವೀಪದಲ್ಲಿ ಒಬ್ಬನೇ ಒಬ್ಬ ಸಿಕ್ಕಿಬೀಳುತ್ತಾನೇನೋ, ಬೆಟ್ಟದಾಚೆ ಒಂಟಿಯಾಗಿರುವ ಕುರಿಯವನು, ಕಿಟಕಿ ಕಾಣದವನು ಎಂದು ಪ್ರತಿ ಗಳಿಗೆಯೂ ಎದೆ ಹಿಡಿದುಕೊಂಡು ಕೂತಿದ್ದ. ಯಾರೂ ಸಿಕ್ಕಿಬೀಳಲಿಲ್ಲ. ಸಿನಿಮಾ ಮಾಡಿದವರು ದಯಾವಂತರು. ಅಧಿಕಾರಿ ಕೊನೆಯ ಪುಟದಲ್ಲಿ ಸೊನ್ನೆ ಬರೆದು, ಸಹಿ ಹಾಕಿ, ದೋಣಿ ಹತ್ತಿದ. ದಡದ ತುಂಬ ಜನ. ಜನರ ಕಾಲ ಸಂದಿಯಿಂದ ಒಂದು ನಾಯಿ ಬಂತು, ಇನ್ನೊಂದು ಬಂತು, ಎಲ್ಲವೂ ಬಂದು ನೀರಿನ ಅಂಚಿಗೆ ಕೂತು ಬೊಗಳಿದವು. ಅಧಿಕಾರಿ ಕೈ ಬೀಸಿದ. ಹಾಲು ಚಪ್ಪಾಳೆ ತಟ್ಟಿತು. "ಕಿವುಡನೇ ಅವನು?" ಎಂದು ಯಾರೋ ಕೂಗಿದರು. ಕಿವುಡನಲ್ಲ ಎಂದು ಅವನಿಗೆ ಗೊತ್ತಿತ್ತು. ಕೈ ಬೀಸುವ ಮುಂಚೆ ಆ ಮೀಸೆಯ ಕೆಳಗೆ ತುಟಿ ಒಂದು ಕ್ಷಣ ಬಿಗಿಯಾದದ್ದನ್ನು ಆ ಹಾಲಿನಲ್ಲಿ ಅವನೊಬ್ಬನೇ ನೋಡಿದ್ದ. ಅದು, ಕುಡಿಯಲಿಕ್ಕೆಂದು ಮುಚ್ಚಿಟ್ಟ ನೀರನ್ನು ಎತ್ತಿಕೊಳ್ಳುವವನ ತುಟಿ.

ಹಾಗಾದರೆ ಅವಮಾನ ಅದಲ್ಲ. ಇಡೀ ಬೀದಿ ಸೇರಿ ಅವನನ್ನು ಮೂರ್ಖನನ್ನಾಗಿ ಮಾಡಿತೆಂಬ ದುಃಖವನ್ನು ಮಧ್ಯಾಹ್ನವೆಲ್ಲ ಅಷ್ಟು ಜೋಪಾನವಾಗಿ ಹಿಡಿದುಕೊಂಡು ಕೂತಿದ್ದನಲ್ಲ, ಅದರ ಕೆಳಗಿದ್ದದ್ದು ಈಗ ಮೇಲೆ ಬಂತು. ಮೊಳೆ ಅಂಗಡಿಯಲ್ಲಿ ಅವತ್ತು ಕುರ್ಚಿ ಇರಲಿಲ್ಲ. ಮೊದಲನೆಯ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡಬಹುದೆಂದು ಕಾಯಿದೆಯಲ್ಲೇ ಇತ್ತು. ಆ ಕಲಮಿನ ಸಂಖ್ಯೆ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಮೊಳೆಯ ಮೂಟೆಗಳ ನಡುವೆ, ಬಿಸಿಲಿನಲ್ಲಿ, ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಯಾರೂ ಕೂರಿ ಎನ್ನಲಿಲ್ಲ. ಕಾಲು ನೋಯುತ್ತಿತ್ತು. ಸಿಟ್ಟು ಬಂದಿತ್ತು. ಮೂವತ್ತು ಗ್ರಾಂ ಅಲ್ಲ ಅವನು ಬರೆದದ್ದು.

ಮೆಟ್ಟಿಲಿಳಿದು ಬೀದಿಗೆ ಬಂದಾಗ ಇನ್ನೂ ನಾಲ್ಕೂವರೆಯ ಬಿಸಿಲು. ಎಷ್ಟೋ ಹೊತ್ತು ನಡೆದ ಮೇಲೆ ಕೇಳಿದ, "ಆ ಮೊಳೆ ಅಂಗಡಿಯವನು ಎಲ್ಲಿಗೆ ಹೋದನೋ ಏನೋ."

"ಎಲ್ಲಿಗೂ ಹೋಗಿಲ್ಲ. ಬಸ್ ನಿಲ್ದಾಣದ ಹಿಂದೆ ಇದಾನೆ. ಮನೇಲಿ ಹೊಡೆದಿರೋ ಮೊಳೆಯೆಲ್ಲ ಅವನದ್ದೇ."

"ಎಲ್ಲ?"

"ನಿಮ್ಮ ಸರ್ಟಿಫಿಕೇಟ್ ತೂಗುಹಾಕಿದ್ದೂ."

ಅವನು ನಿಂತ. ಅವಳು ನಿಲ್ಲಲಿಲ್ಲವಾದ್ದರಿಂದ ಮತ್ತೆ ನಡೆದ.

"ನನ್ನನ್ನ ಏನಾದ್ರೂ ಕೇಳ್ತಾನಾ?"

"ಚೆನ್ನಾಗಿದಾರಾ ಅಂತಾನೆ. ಚೆನ್ನಾಗಿದಾರೆ ಅಂತೀನಿ. ಅಷ್ಟೆ." ರಸ್ತೆ ದಾಟುವಾಗ ಅವನ ಮೊಣಕೈ ಹಿಡಿದುಕೊಂಡಳು. "ತೂಕ ಹಾಕೋದು ಬಿಟ್ಟಿದಾನೆ. ಅಂಗಡೀಲಿ ತಕ್ಕಡಿನೇ ಇಟ್ಟಿಲ್ಲ. ಮೊಳೆ ಎಣಿಸಿ ಕೊಡ್ತಾನೆ."

"ಮೊಳೆನಾ? ಎಣಿಸಿ?"

"ಒಂದೊಂದಾಗಿ. ಗಿರಾಕಿಗಳು ಬೈಕೊಂಡು ಹೋಗ್ತಾರೆ. ಕೆಲವರು ಕಾಯ್ತಾರೆ."

ಮನೆಗೆ ತಿರುಗುವ ಕಡೆ ಅವನು ತಿರುಗಲಿಲ್ಲ. ಎಲ್ಲಿಗೆ ಎಂದು ಈ ಸಲ ಅವಳು ಕೇಳಲಿಲ್ಲ. "ನಾನು ಇಲ್ಲೇ ನಿಂತಿರ್ತೀನಿ, ಬೇಗ ಬನ್ನಿ" ಎಂದು ಬಸ್ ನಿಲ್ದಾಣದ ನೆರಳಿಗೆ ಹೋದಳು.

ಒಂದು ಬಾಗಿಲಿನಷ್ಟೇ ಅಗಲದ ಅಂಗಡಿ. ಬೀಗ, ಚಿಲಕ, ಕೊಂಡಿ, ತಗಡಿನ ಡಬ್ಬಗಳಲ್ಲಿ ಅಳತೆಯ ಪ್ರಕಾರ ಮೊಳೆ. ಅಂಗಡಿಯವನ ತಲೆ ಬೆಳ್ಳಗಾಗಿತ್ತು, ಆಳು ಇಳಿದುಹೋಗಿದ್ದ, ಅಂಗೈ ಮಾತ್ರ ಅದೇ. ಗುರುತು ಸಿಕ್ಕಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

"ಏನು ಬೇಕಿತ್ತು?"

"ಮೊಳೆ." ಮನೆಯಲ್ಲಿ ಇನ್ನು ಮೊಳೆ ಹೊಡೆಯಲು ಗೋಡೆ ಉಳಿದಿರಲಿಲ್ಲ. "ಎರಡಿಂಚಿನದು. ನೂರು."

ಅಂಗಡಿಯವನು ಡಬ್ಬವನ್ನು ಹಲಗೆಯ ಮೇಲೆ ಬೋರಲು ಹಾಕಿ, ಖಾಲಿ ಟಿನ್ನೊಂದನ್ನು ಎಳೆದುಕೊಂಡು ಶುರುಮಾಡಿದ. ಒಂದು, ಎರಡು, ಮೂರು. ಗಟ್ಟಿಯಾಗಿ, ಅವಸರವಿಲ್ಲದೆ, ಒಂದು ಅಂಕಿ, ಟಿನ್ನಿನಲ್ಲಿ ಒಂದು ಸದ್ದು, ಒಂದು ಉಸಿರು. ಹತ್ತಕ್ಕೊಮ್ಮೆ ತುಸು ತಡೆದು ಮುಂದೆ ಹೋಗುವುದು, ಪದ್ಯ ಮುಗಿದಲ್ಲಿ ಅಜ್ಜ ಹಾಳೆ ತಿರುವುತ್ತಿದ್ದ ಹಾಗೆ. ಇವನ ಕಿವಿ ತಾನಾಗಿ ಜೊತೆಗೂಡಿತು. ಇಪ್ಪತ್ತು, ಮೂವತ್ತು. ಹಿಂದಿನಿಂದ ಬಂದ ಗಿರಾಕಿಯೊಬ್ಬ ಒಂದು ಗಳಿಗೆ ನಿಂತು ನಾಲಿಗೆ ಲೊಚಗುಟ್ಟಿ ಹೋದ. ನೂರಾದ ಮೇಲೆ ಹೇಳಿದರಾಯಿತು ಎಂದುಕೊಂಡ. ನೂರಾದ ಮೇಲೆ ಪೊಟ್ಟಣ ಕಟ್ಟುತ್ತಾನೆ, ಆಗ ಹೇಳುವುದು ಚೆನ್ನಾಗಿರುವುದಿಲ್ಲ. ಐವತ್ತು. ಅರವತ್ತು. ನೂರಾದರೆ ಹೇಳಲಿಕ್ಕೆ ಆಗುವುದೇ ಇಲ್ಲ ಎಂದು ಇದ್ದಕ್ಕಿದ್ದಂತೆ ಖಚಿತವಾಯಿತು. ಅರವತ್ತೊಂದು. ಅರವತ್ತೆರಡು. ಅರವತ್ತಮೂರು.

"ಅವತ್ತು ನಿನ್ನನ್ನ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು" ಎಂದ. "ಕಾಯಿದೇಲಿ ಇತ್ತು. ಬೇಕಂತಲೇ ಬರೆದೆ."

ಅಂಗಡಿಯವನ ಕೈ ಟಿನ್ನಿನ ಮೇಲೆ ನಿಂತಿತು. ಬೆರಳ ನಡುವೆ ಒಂದು ಮೊಳೆ.

"ಗೊತ್ತು ಸಾರ್" ಎಂದ. ಅವನು ಟಿನ್ನಿನೊಳಗೆ ಇಣುಕಿ ನೋಡಿದ. "ಎಣಿಸೋವಾಗ ಮಾತಾಡಬಾರದು. ಎಷ್ಟಕ್ಕೆ ನಿಂತಿತ್ತು?"

"ಅರವತ್ತಮೂರು."

ಅಂಗಡಿಯವನು ತಲೆಯೆತ್ತಿ ಅವನನ್ನು ನೋಡಿದ. ಸಿಟ್ಟಿನಿಂದಲ್ಲ, ಮುಳ್ಳು ನಿಲ್ಲುವ ತನಕ ತಕ್ಕಡಿಯನ್ನು ನೋಡುವ ಹಾಗೆ, ಸಾಕಷ್ಟು ಹೊತ್ತು. ಆಮೇಲೆ ಟಿನ್ನು ಎತ್ತಿ, ಅಷ್ಟೂ ಮೊಳೆಯನ್ನು ಹಲಗೆಯ ಮೇಲಿನ ರಾಶಿಗೆ ಸುರಿದು, ಕೈಯಾಡಿಸಿ ಬೆರೆಸಿ, ಖಾಲಿ ಟಿನ್ನನ್ನು ಮುಂದಿಟ್ಟುಕೊಂಡ.

"ಒಂದು" ಎಂದ.